ಕಾರು ಸತ್ತರೂ ಆರ್.ಸಿ. ಸಾಯುವುದಿಲ್ಲ!

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಕಟ್ಟಿದ ಪುಣ್ಯಾತ್ಮರು ಮಾರುತಿ ಕಾರನ್ನು ನೋಡಿರಲಿಲ್ಲ. ನೋಡಿದ್ದರೆ ಗಾದೆಗೆ ಇನ್ನೊಂದು ಬಾಲ ಸೇರಿಸುತ್ತಿದ್ದರು. ಇದ್ದಾಗ ಪೆಟ್ರೋಲು ಕುಡಿದು ಮನೆ ತೊಳೆಯುವ ಕಾರು, ಲಾರಿಗೆ ಗುದ್ದಿ ನುಜ್ಜುಗುಜ್ಜಾದ ಮೇಲೆ ಬಿಡಿಬಿಡಿಯಾಗಿ ಮಾರಾಟವಾಗಿ ಯಾರ್‍ಯಾರದೋ ಮನೆಯ ಒಲೆ ಉರಿಸುತ್ತದೆ. ಆದರೆ ಆ ಯಾರ್‍ಯಾರಲ್ಲಿ ಕಾರಿನ ಯಜಮಾನ ಮಾತ್ರ ಇರುವುದಿಲ್ಲ!

ಕಗ್ಗದಾಸಪುರ, ಮಲ್ಲೇಶಪಾಳ್ಯ, ಜಿ.ಎಂ. ಪಾಳ್ಯ, ವಿಜ್ಞಾನನಗರ... ಈ ಕಡೆಯ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿದವರಿಗೆ ಈ ದೃಶ್ಯ ಹೊಸದಲ್ಲ. ಕಾಂಪೌಂಡಿಗೆ ಒತ್ತಿ ನಿಂತ ಒಂದು ಕಾರು. ಮೇಲೊಂದು ಹರಿದ ಟಾರ್ಪಾಲು. ಮುಂಭಾಗ ಒಳಕ್ಕೆ ಹೋಗಿದೆ, ನಾಲ್ಕೂ ಟೈರು ಕೂತಿವೆ, ಒಳಗೆ ಬೆಕ್ಕು ಮರಿ ಹಾಕಿದೆ. ಮಳೆಗಾಲದಲ್ಲಿ ಅದರ ಮೂಲೆಮೂಲೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ಬಾಣಂತಿ ಮನೆ. ಅಕ್ಕಪಕ್ಕದವರು ಬೈಯುತ್ತಾರೆ. ಯಜಮಾನರು, 'ಏನ್ ಮಾಡೋದು ಸ್ವಾಮಿ, ರಿಪೇರಿ ಮಾಡ್ಸೋಣ ಅಂದ್ರೆ ಕಾರಿನ ಬೆಲೆಗಿಂತ ಜಾಸ್ತಿ ಹೇಳ್ತಾರೆ, ಬಿಸಾಕೋಣ ಅಂದ್ರೆ ಮನಸ್ ಬರಲ್ಲ' ಎನ್ನುತ್ತಾರೆ. ಅವರು ಹೇಳುವುದರಲ್ಲೂ ಸುಳ್ಳಿಲ್ಲ.

ಲೆಕ್ಕ ನೋಡಿ. ವಿಮೆ ಕಂಪನಿಯ ಕಾಗದದಲ್ಲಿ ಕಾರಿನ ಬೆಲೆ ಎರಡು ಲಕ್ಷ ಅಂದುಕೊಳ್ಳೋಣ. ರಿಪೇರಿ ಖರ್ಚು ಆ ಬೆಲೆಯ ಶೇ. 75 ದಾಟಿದರೆ, ಅಂದರೆ ಒಂದೂವರೆ ಲಕ್ಷ ಮೀರಿದರೆ, ಅದು ವಿಮೆಯವರ ಭಾಷೆಯಲ್ಲಿ 'ಟೋಟಲ್ ಲಾಸ್'. ಕಾರು ಸತ್ತಿತು ಎಂದೇ ಲೆಕ್ಕ. ಆಗ ಯಜಮಾನನಿಗೆ ಎರಡು ದಾರಿ. ಕಾರಿನ ಹೆಣವನ್ನು ಕಂಪನಿಯವರು ಹೇಳಿದವರಿಗೆ ಒಪ್ಪಿಸಿ ಪೂರ್ತಿ ಹಣ ಪಡೆಯುವುದು; ಇಲ್ಲವೇ ಹೆಣವನ್ನು ತಾನೇ ಇಟ್ಟುಕೊಂಡು, ಅದಕ್ಕೆ ಕಟ್ಟಿದ ಬೆಲೆಯನ್ನು ಕಳೆದು ಉಳಿದದ್ದನ್ನು ಪಡೆಯುವುದು. ಹೆಣಕ್ಕೆ ಅರವತ್ತು ಸಾವಿರ ಬೆಲೆ ಕಟ್ಟಿದರೆ ಕೈಗೆ ಬರುವುದು ಒಂದು ಲಕ್ಷದ ನಲವತ್ತು ಸಾವಿರ, ಅದರಲ್ಲೂ ಸಣ್ಣಪುಟ್ಟ ಕಡಿತ. ಇದೆಲ್ಲ ಫುಲ್ ಇನ್ಶೂರೆನ್ಸ್ ಇದ್ದವರ ಮಾತು. ಹಳೇ ಕಾರಿನವರು ಬಹುಮಂದಿ ಪೊಲೀಸರಿಗೆ ತೋರಿಸಲು ಥರ್ಡ್ ಪಾರ್ಟಿ ವಿಮೆಯೊಂದನ್ನು ಮಾಡಿಸಿರುತ್ತಾರೆ. ಅಂಥವರ ಕಾರು ಗುದ್ದಿಕೊಂಡರೆ ಸಿಗುವುದು ಕೇವಲ ಸಂತಾಪ.

ಅಲ್ಲಿಗೆ ಬರುತ್ತಾನೆ ಗುಜರಿ ಬ್ರೋಕರು. ವಾಸನೆ ಹಿಡಿದು ಬರುವುದರಲ್ಲಿ ಇವನನ್ನು ಮೀರಿಸಿದವರಿಲ್ಲ.

'ಸಾರ್, ಗಾಡಿ ಕೊಡೋದಾ?'

'ಎಷ್ಟಪ್ಪಾ ಕೊಡ್ತೀಯ?'

'ತೂಕಕ್ಕೆ ಹಾಕೋ ಮಾಲು ಸಾರ್ ಇದು. ಇಂಜಿನ್ ಜಾಮ್ ಆಗಿದೆ. ಚಾಸಿ ಬೆಂಡ್ ಇದೆ. ನೀವ್ ದೊಡ್ಡೋರು ಅಂತ ಹೇಳ್ತಾ ಇದೀನಿ...'

ಇಂಜಿನ್ ಜಾಮ್ ಆಗಿದೆ ಎಂದು ಬಾನೆಟ್ ತೆರೆಯದೆಯೇ ಇವನಿಗೆ ಗೊತ್ತು! ಕೊನೆಗೆ ಅವನು ಹೇಳುವ ಬೆಲೆಗಿಂತಲೂ ಮುಖ್ಯವಾದ ಮಾತೊಂದು ಬರುತ್ತದೆ. 'ಆರ್.ಸಿ. ಕೊಟ್ರೆ ಇನ್ನೊಂದ್ ಸ್ವಲ್ಪ ಜಾಸ್ತಿ ಮಾಡ್ಕೊಡ್ತೀನಿ ಸಾರ್.' ಓದುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕಳ್ಳ ಇಲ್ಲಿ ಕೂತಿದ್ದಾನೆ.

ಅದಕ್ಕೆ ಮೊದಲು ಕಾರು ಕಳಚುವ ಕೆಲಸವನ್ನೇ ನೋಡೋಣ. ಇದನ್ನು ಕೀಳಾಗಿ ಕಾಣುವವರು ಇದ್ದಾರೆ. ಹತ್ತಿರ ನಿಂತು ನೋಡಿದವರು ಹಾಗೆ ಮಾತಾಡುವುದಿಲ್ಲ. ಒಳ್ಳೆಯ ಮೇಸ್ತ್ರಿ ಮೊದಲು ಮುಟ್ಟುವುದು ಬ್ಯಾಟರಿಯನ್ನು. ಮೈನಸ್ ಕಡೆಯ ವೈರು ಮೊದಲು, ಪ್ಲಸ್ ಆಮೇಲೆ. ಆಮೇಲೆ ಟ್ಯಾಂಕಿನ ಪೆಟ್ರೋಲು, ಇಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ರೇಡಿಯೇಟರಿನ ನೀರು. ನಂತರ ಬಂಪರು, ಹೆಡ್‌ಲೈಟು, ಬಾನೆಟ್ಟು, ಡೋರು, ಗಾಜು. ಮುಂದೆ ಗುದ್ದಿಸಿಕೊಂಡ ಕಾರಿನ ಹಿಂದಿನ ಡೋರು, ಡಿಕ್ಕಿ ಬಾಗಿಲು, ಹಿಂದಿನ ಲೈಟು ಹೊಸದರಂತೆ ಇರುತ್ತವೆ. ಹಿಂದೆ ಗುದ್ದಿಸಿಕೊಂಡದ್ದರಲ್ಲಿ ಇಂಜಿನ್, ಗೇರ್ ಬಾಕ್ಸು, ರೇಡಿಯೇಟರು ಕ್ಷೇಮ. ಒಂದರ ಮುಂಡ, ಇನ್ನೊಂದರ ರುಂಡ! ಸೀಟು, ಡ್ಯಾಶ್‌ಬೋರ್ಡು ಕಳಚಿ, ವೈರಿಂಗನ್ನು ಬಳ್ಳಿ ಎಳೆದಂತೆ ಎಳೆದು ಸುತ್ತಿ ಇಡುತ್ತಾರೆ, ಅದರೊಳಗೆ ತಾಮ್ರವಿದೆ. ಚೈನ್ ಪುಲ್ಲಿ ಹಾಕಿ ಇಂಜಿನ್ ಎತ್ತುತ್ತಾರೆ. ಸೈಲೆನ್ಸರ್ ಪೈಪಿನ ನಡುವೆ ಡಬ್ಬಿಯಂತೆ ಕಾಣುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮಾತ್ರ ಜೋಪಾನವಾಗಿ ಬೇರೆ ಎತ್ತಿಡುತ್ತಾರೆ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿದೆ. ಯಜಮಾನನಿಗೆ ಅದು ಕಾರಿನಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ, ಬ್ರೋಕರಿಗೆ ಚೆನ್ನಾಗಿ ಗೊತ್ತು. ಕೊನೆಗೆ ಉಳಿದ ಡಬ್ಬಕ್ಕೆ ಗ್ಯಾಸ್ ಕಟ್ಟರ್. ಅದು ಕೆಜಿ ಲೆಕ್ಕದಲ್ಲಿ ಕಬ್ಬಿಣ.

ಹೀಗೆ ಬಿಡಿಸಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನವರನ್ನು ಈ ಪ್ರಶ್ನೆ ಕೇಳಬೇಕಾಗಿಲ್ಲ. ಶಿವಾಜಿನಗರದ ಗುಜರಿ! ದಂಡಿನ ಸಿಪಾಯಿಗಳ ಕಾಲದಿಂದ ರಿಪೇರಿ, ತಗಡು, ಕುಲುಮೆ ಕೆಲಸಕ್ಕೆ ಪಳಗಿದ ಕೈಗಳ ಪ್ರದೇಶ ಅದು. ರಾತ್ರಿ ಕಳೆದುಹೋದ ಕಾರಿನ ಡೋರು ಬೆಳಿಗ್ಗೆ ಶಿವಾಜಿನಗರದಲ್ಲಿ ಸಿಗುತ್ತದೆ ಎಂಬ ಹಾಸ್ಯ ಎರಡು ತಲೆಮಾರಿನಿಂದ ಚಾಲ್ತಿಯಲ್ಲಿದೆ. ಹಾಸ್ಯ ಮಾಡುವವರೇ ತಮ್ಮ ಹಳೆಯ ಫಿಯಟ್ಟಿಗೆ ಕಾರ್ಬುರೇಟರ್ ಬೇಕಾದಾಗ ಅಲ್ಲಿಗೆ ಓಡಿದ್ದಾರೆ ಎಂಬುದೂ ಸತ್ಯ. ಪ್ರೀಮಿಯರ್ ಪದ್ಮಿನಿ 2001ರ ಹೊತ್ತಿಗೆ ನಿಂತಿತು. ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ನಿಂತಿತು. ಮಾರುತಿ 800 ಕೂಡ ಅದೇ ವರ್ಷದ ಜನವರಿಯಲ್ಲಿ ಕಣ್ಣು ಮುಚ್ಚಿತು. ಈ ಮೂರು ಕಾರುಗಳು ಇವತ್ತಿಗೂ ಅಲ್ಲೊಂದು ಇಲ್ಲೊಂದು ಓಡುತ್ತಿವೆ ಎಂದರೆ ಅದರ ಪುಣ್ಯ ಕಂಪನಿಯವರದಲ್ಲ, ಗುಜರಿಯವರದು. ಮಾರುತಿ 800 ಮತ್ತು ಓಮ್ನಿ ವ್ಯಾನಿನ ಇಂಜಿನ್ ಒಂದೇ ಬುಡದ್ದು, 796 ಸಿ.ಸಿ. ಒಂದರದು ಇನ್ನೊಂದಕ್ಕೆ ಎಷ್ಟರಮಟ್ಟಿಗೆ ಕೂರುತ್ತದೆ ಎಂಬುದನ್ನು ಶೋರೂಮಿನ ಪುಸ್ತಕ ಹೇಳುವುದಿಲ್ಲ, ಶಿವಾಜಿನಗರದ ಹುಡುಗ ಹೇಳುತ್ತಾನೆ. ಆಟೋ ಓಡಿಸುವವನು, ಸಾಲದ ಮೇಲೆ ಟ್ಯಾಕ್ಸಿ ತೆಗೆದವನು, ಪಿಂಚಣಿಯಲ್ಲಿ ಕಾರು ಸಾಕುವ ಎಚ್.ಎ.ಎಲ್., ಐ.ಟಿ.ಐ. ನಿವೃತ್ತರು ಇವರೆಲ್ಲ ಶೋರೂಮಿನ ಬೆಲೆಗೆ ಹೆದರಿ ಇಲ್ಲಿಗೇ ಬರುವುದು.

ಆದ್ದರಿಂದ ಮುರಿದ ಕಾರನ್ನು ಕಳಚಿ ಬಿಡಿಭಾಗ ಮಾರುವುದು ಅಪರಾಧವೆಂಬಂತೆ ಮೂಗು ಮುರಿಯುವ ಮಹಾಶಯರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಅಪರಾಧ ಇರುವುದು ಪಾನ ಹಿಡಿದ ಕೈಯಲ್ಲಲ್ಲ, ಕಾಗದ ಹಿಡಿದ ಕೈಯಲ್ಲಿ.

ಬ್ರೋಕರು ಕೇಳಿದ ಆರ್.ಸಿ.ಗೆ ಈಗ ಬರೋಣ. ತಗಡಾಗಿ ಹೋದ ಕಾರಿನ ಆರ್.ಸಿ. ಯಾರಿಗೆ ಬೇಕು, ಯಾಕೆ ಬೇಕು? ಅದೇ ಮಾಡೆಲ್ಲಿನ, ಅದೇ ಬಣ್ಣದ ಕಾರೊಂದು ಬೇರೆಲ್ಲೋ ಕಳುವಾಗುತ್ತದೆ. ಸತ್ತ ಕಾರಿನ ಚಾಸಿ ನಂಬರಿರುವ ತುಂಡನ್ನು ಕತ್ತರಿಸಿ ಕದ್ದ ಕಾರಿಗೆ ಬೆಸುಗೆ ಹಾಕುತ್ತಾರೆ, ಇಲ್ಲವೇ ಹೊಸದಾಗಿ ನಂಬರು ಕೊರೆಯುತ್ತಾರೆ. ನಂಬರ್ ಪ್ಲೇಟು ಸತ್ತ ಕಾರಿನದು, ಮೈ ಕದ್ದ ಕಾರಿನದು, ಕಾಗದ ಅಸಲಿ! ಪರಕಾಯ ಪ್ರವೇಶ ಎಂದರೆ ಇದೇ. ದೇಶದ ನಾನಾ ಕಡೆ ಪೊಲೀಸರು ಹಿಡಿದ ವಾಹನಕಳ್ಳರ ಜಾಲಗಳಲ್ಲಿ ಈ ಕಸುಬು ಮತ್ತೆಮತ್ತೆ ಹೊರಬಿದ್ದಿದೆ.

ಹೀಗೆ ಮರುಜನ್ಮ ಪಡೆದ ಕಾರು ನಾಳೆ ಯಾರಿಗೋ ಗುದ್ದಿದರೆ? ದಾಖಲೆಯಲ್ಲಿ ಯಜಮಾನ ಯಾರು? ಕಗ್ಗದಾಸಪುರದ ಅದೇ ನಿವೃತ್ತರು! 'ಅಯ್ಯೋ, ನಾನು ಗುಜರಿಗೆ ಮಾರಿ ಎಷ್ಟೋ ವರ್ಷ ಆಯ್ತಲ್ಲಪ್ಪಾ' ಎಂದರೆ ಯಾರು ಕೇಳುತ್ತಾರೆ? 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿಬಿಟ್ಟಿದೆ. ಕಾರು ಎಷ್ಟು ಕೈ ಬದಲಾಗಿದ್ದರೂ ಸರಿ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಯಜಮಾನರು. ಅಪಘಾತ ಪರಿಹಾರದ ಹೊಣೆ ಅವರದೇ. ಆ ಕೇಸಿನಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಹೋಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ಆರ್.ಸಿ.ಗೆ ಸಿಗುವ ನಾಲ್ಕು ಕಾಸಿನ ಆಸೆಗೆ ಲಕ್ಷಗಳ ಉರುಳು ಕೊರಳಿಗೆ!

ಕಾನೂನು ದಾರಿ ತೋರಿಸಿಲ್ಲವೇ? ತೋರಿಸಿದೆ. 1988ರ ಮೋಟಾರು ವಾಹನ ಕಾಯಿದೆಯ 55ನೇ ಕಲಮು ಓದಿ. ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಯಜಮಾನನು 14 ದಿನದೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಓಗೆ ತಿಳಿಸಿ, ಆರ್.ಸಿ. ಒಪ್ಪಿಸಿ, ನೋಂದಣಿ ರದ್ದು ಮಾಡಿಸಬೇಕು. ಜೀವಾವಧಿ ತೆರಿಗೆ ಕಟ್ಟಿದವರು ವಾಹನದ ವಯಸ್ಸಿಗೆ ತಕ್ಕಂತೆ ಒಂದಷ್ಟು ವಾಪಸು ಕೇಳುವುದಕ್ಕೂ ಅವಕಾಶವಿದೆ. ಈ ವಿಷಯ ಎಷ್ಟು ಮಂದಿಗೆ ಗೊತ್ತು? ಗೊತ್ತಿದ್ದವರಾದರೂ ಆರ್‌ಟಿಓ ಮೆಟ್ಟಿಲು ಹತ್ತಿದರೆ ಆಗುವುದೇನು? ಸಾಲ ತೀರಿದ ಪತ್ರ ತನ್ನಿ, ಬಾಕಿ ದಂಡ ಕಟ್ಟಿ, ಪೊಲೀಸರ ಪತ್ರ ತನ್ನಿ, ಚಾಸಿ ತುಂಡು ತನ್ನಿ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ. ಹೊಸ ಕಾರಿನ ಹೆಸರು ಬರೆಸುವುದಕ್ಕೆ ಶೋರೂಮಿನವನೇ ಓಡಾಡುತ್ತಾನೆ. ಸತ್ತ ಕಾರಿನ ಹೆಸರು ಅಳಿಸುವುದಕ್ಕೆ ಯಜಮಾನನೇ ಚಪ್ಪಲಿ ಸವೆಸಬೇಕು. ಅದರ ಬದಲು ಬ್ರೋಕರಿನ ಕೈಗೆ ಆರ್.ಸಿ. ಕೊಟ್ಟು ಕೈ ತೊಳೆದುಕೊಳ್ಳೋಣ ಎಂದು ಅನ್ನಿಸಿದರೆ ಅದರಲ್ಲಿ ಆಶ್ಚರ್ಯವೇನು?

2021ರಲ್ಲಿ ದಿಲ್ಲಿ ಸರ್ಕಾರ ಹೊಸದೊಂದು ದಾರಿ ತೆರೆಯಿತು. ಆ ವರ್ಷದ ಆಗಸ್ಟ್ 13ರಂದು ಗುಜರಿ ನೀತಿ ಘೋಷಣೆಯಾಯಿತು, ಸೆಪ್ಟೆಂಬರಿನಲ್ಲಿ ನಿಯಮಗಳು ಬಂದವು. ಇನ್ನು ಗಾಡಿ ಕಳಚಿ ಗುಜರಿ ಮಾಡುವವರು ನೋಂದಾಯಿತ ಕೇಂದ್ರದವರಾಗಿರಬೇಕು. ಅಪಘಾತ, ಬೆಂಕಿ, ಗಲಭೆ, ನೆರೆಗೆ ಸಿಕ್ಕಿ ಹಾಳಾದ ವಾಹನವನ್ನು 'ಇದು ಗುಜರಿ' ಎಂದು ಯಜಮಾನನೇ ಬರೆದುಕೊಟ್ಟರೆ ಸಾಕು, ಕೇಂದ್ರದವರು ತೆಗೆದುಕೊಳ್ಳಬಹುದು. ಕಳವಿನ ಗಾಡಿಯೋ ಎಂದು ದಾಖಲೆಯಲ್ಲಿ ನೋಡಬೇಕು. ಗಾಡಿ ಒಪ್ಪಿಸಿದ್ದಕ್ಕೆ ಸರ್ಟಿಫಿಕೇಟು ಕೊಡಬೇಕು. ಚಾಸಿ ನಂಬರಿನ ತುಂಡನ್ನು ಕತ್ತರಿಸಿ ಆರು ತಿಂಗಳು ಭದ್ರವಾಗಿ ಇಡಬೇಕು. ಆ ಸರ್ಟಿಫಿಕೇಟು ಇದ್ದವರಿಗೆ ಹೊಸ ಸ್ವಂತ ಕಾರಿನ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಬಹುದೆಂದು ರಾಜ್ಯಗಳಿಗೆ ಸೂಚಿಸಲಾಯಿತು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಏರ್ಪಾಡು ಬೇಕೆ? ಪರಕಾಯ ಪ್ರವೇಶಕ್ಕೆ ಬಾಗಿಲು ಬಂದ್!

ಎಡವಟ್ಟಾಗಿರುವುದು ಎಲ್ಲಿ? ಹಳೇ ಗಾಡಿಗೆ ಹೊಸ ಗಾಡಿಯ ಶೋರೂಮ್ ಬೆಲೆಯ ಶೇ. 4ರಿಂದ 6ರಷ್ಟು ಗುಜರಿ ಬೆಲೆ ಸಿಗಬಹುದೆಂದು ನೀತಿ ಸಾರಿದವರು ಹೇಳಿದ್ದರು. ಐದು ಲಕ್ಷದ ಕಾರಿಗೆ ಇಪ್ಪತ್ತರಿಂದ ಮೂವತ್ತು ಸಾವಿರ. ಅದೇ ಕಾರಿನ ಇಂಜಿನ್ ಒಂದು ಸುಸ್ಥಿತಿಯಲ್ಲಿದ್ದರೆ, ಗೇರ್ ಬಾಕ್ಸು, ನಾಲ್ಕು ಚಕ್ರ, ಎರಡು ಡೋರು ಸರಿ ಇದ್ದರೆ, ಬಿಡಿಯಾಗಿ ಮಾರಿದಾಗ ಎಷ್ಟೋ ಹೆಚ್ಚು ಬರುತ್ತದೆ. ಹದಿನೈದು ವರ್ಷ ಸವೆದು ತಾನಾಗಿ ಸತ್ತ ಕಾರಿಗೂ, ಮೂರನೇ ವರ್ಷವೇ ಲಾರಿಗೆ ಗುದ್ದಿ ಸತ್ತ ಕಾರಿಗೂ ವ್ಯತ್ಯಾಸ ಇಲ್ಲವೇ? ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಯಜಮಾನ ಬ್ರೋಕರಿನ ಕಡೆಗೇ ವಾಲುತ್ತಾನೆ.

ಇನ್ನೊಂದು ಕಡೆ, ನೋಂದಣಿ ಬೇಕೆಂದರೆ ಒಂದು ಲಕ್ಷ ಶುಲ್ಕ, ಹತ್ತು ಲಕ್ಷದ ಬ್ಯಾಂಕ್ ಗ್ಯಾರಂಟಿ, ವಿಶಾಲವಾದ ಜಾಗ, ಕಂಪ್ಯೂಟರು, ಮಾಲಿನ್ಯ ಮಂಡಳಿ ಒಪ್ಪಿಗೆ. ಹತ್ತಡಿ ಅಂಗಡಿಯಲ್ಲಿ ತಂದೆ-ಮಗ ಇಬ್ಬರೇ ಕೂತು ರೇಡಿಯೇಟರು ಬಿಚ್ಚುವವರಿಗೆ ಇದು ಆಗುವ ಮಾತೇ? ಆಗುವುದಿಲ್ಲ ಎಂದಾಗ ಅವರು ಕಸುಬು ಬಿಡುವರೇ? ಅದೂ ಇಲ್ಲ. ಹಿತ್ತಿಲಿನ ಕತ್ತಲೆಗೆ ಹೋಗುತ್ತಾರೆ.

ಮೀರತ್ತಿನ ಸೋತಿಗಂಜ್ ಕಥೆ ಕೇಳಿದವರಿಗೆ ಇದು ಅರ್ಥವಾಗುತ್ತದೆ. ಉತ್ತರ ಭಾರತದ ಕದ್ದ ಗಾಡಿಗಳೆಲ್ಲ ಅಲ್ಲಿ ಬಿಡಿಭಾಗಗಳಾಗುತ್ತವೆ ಎಂಬ ಅಪಖ್ಯಾತಿ ಇದ್ದ ಬಜಾರು. 2021ರ ಡಿಸೆಂಬರಿನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ಮುಂದಿನ ತಿಂಗಳು ಪ್ರಧಾನಿಗಳೇ ಮೀರತ್ತಿಗೆ ಬಂದಾಗ ಅದನ್ನು ಭಾಷಣದಲ್ಲಿ ಎತ್ತಿದರು. ಕಳ್ಳರ ಆಸ್ತಿ ಜಪ್ತಿಯಾದದ್ದು ಸರಿ. ಆದರೆ ಬೀಗ ಬಿದ್ದ ಸಾಲಿನಲ್ಲಿ ಕದಿಯದೆ ಬದುಕುತ್ತಿದ್ದವರೂ ಇದ್ದರು. ಬಜಾರಿಗೆ ಬೀಗ ಹಾಕಿದರೆ ಹಳೇ ಗಾಡಿ ಓಡಿಸುವವನಿಗೆ ಬಿಡಿಭಾಗದ ಅಗತ್ಯ ತಪ್ಪುತ್ತದೆಯೇ? ಶಿವಾಜಿನಗರಕ್ಕೂ ಅಂಥ ಔಷಧಿ ಬೇಕು ಎನ್ನುವವರು ಮೊದಲು ಇದಕ್ಕೆ ಉತ್ತರ ಹೇಳಲಿ.

ಹಾಗೆಂದು ಗುಜರಿಯವರನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕಾಗಿಯೂ ಇಲ್ಲ. ಇಂಜಿನ್ ಆಯಿಲ್ಲನ್ನು ಚರಂಡಿಗೆ ಚೆಲ್ಲಿದರೆ ಅದು ಎಲ್ಲಿಗೆ ಹೋಗುತ್ತದೆ? ಕಗ್ಗದಾಸಪುರದವರಿಗೆ ಕೆರೆಯೊಂದು ಇದೆ. ಕೊಳಚೆ ಕುಡಿದು, ಜೊಂಡು ಹೊದ್ದು ಅದು ಪಟ್ಟ ಪಾಡು ಸಾಲದೇ? ಮೇಲೆ ಆಯಿಲ್ಲೂ ಬೇಕೇ? ಬ್ಯಾಟರಿಯನ್ನು ಒಡೆದು ಸೀಸ ಕರಗಿಸುವ ಕುಲುಮೆಯ ಹೊಗೆ ಮಕ್ಕಳ ಮಿದುಳಿಗೆ ವಿಷ. ವೈರನ್ನು ಸುಟ್ಟು ತಾಮ್ರ ತೆಗೆಯುವ ಕಪ್ಪು ಹೊಗೆಯೂ ಅಂಥದೇ. ಅದಕ್ಕಿಂತ ಅಪಾಯದ ಇನ್ನೊಂದು ವ್ಯಾಪಾರವಿದೆ: ಗುದ್ದಿಸಿಕೊಂಡ ಕಾರಿನ ಸೀಟ್ ಬೆಲ್ಟು, ಏರ್‌ಬ್ಯಾಗು ಬಿಚ್ಚಿ ಇನ್ನೊಂದಕ್ಕೆ ಹಾಕುವುದು. ಒಮ್ಮೆ ಎಳೆತ ತಿಂದ ಬೆಲ್ಟು ಎರಡನೇ ಸಲ ಹಿಡಿಯುತ್ತದೆಂದು ಯಾರು ಭರವಸೆ ಕೊಡುತ್ತಾರೆ? ಏರ್‌ಬ್ಯಾಗಿನೊಳಗೆ ಇರುವುದು ಸಿಡಿಯುವ ಮದ್ದು; ಸ್ಪ್ಯಾನರು ಹಿಡಿದ ಹುಡುಗನ ಮುಖದ ಮುಂದೆ ಸಿಡಿದರೆ ಆಸ್ಪತ್ರೆ ಖರ್ಚು ಕೊಡುವವರಾರು? ಯುರೋಪಿನಲ್ಲಿ 2005ರಲ್ಲೇ ಈ ಎರಡನ್ನೂ ಹೊಸ ಗಾಡಿಗೆ ಮರುಬಳಕೆ ಮಾಡಬಾರದ ಭಾಗಗಳ ಪಟ್ಟಿಗೆ ಸೇರಿಸಿದರು. ಜಪಾನಿನವರು ಅದೇ 2005ರಿಂದ ಇನ್ನೂ ಜಾಣತನ ಮಾಡಿದರು. ಕಾರು ಕೊಳ್ಳುವಾಗಲೇ ಅದರ ಉತ್ತರಕ್ರಿಯೆಯ ಖರ್ಚನ್ನು ಗಿರಾಕಿಯಿಂದ ಮುಂಗಡ ವಸೂಲು ಮಾಡಿಡುತ್ತಾರೆ. ಏರ್‌ಬ್ಯಾಗು, ಎ.ಸಿ. ಗ್ಯಾಸು, ಪುಡಿ ಮಾಡಿ ಉಳಿದ ಕಸ ಮೂರಕ್ಕೂ ಹಣ ಮೊದಲೇ ಸಿದ್ಧ.

ಪೊಲೀಸ್ ಠಾಣೆಗಳ ಅಂಗಳದ ಮಾತನ್ನು ಇಲ್ಲಿ ಎತ್ತದಿದ್ದರೆ ಅನ್ಯಾಯವಾದೀತು. ಅಪಘಾತದ ಗಾಡಿಗಳು ಠಾಣೆ ಮುಂದೆ ತುಕ್ಕು ಹಿಡಿದು ನಿಂತಿರುವುದನ್ನು ಯಾವ ಊರಿನಲ್ಲಿ ಕಂಡಿಲ್ಲ? 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಾಡಿಗಳನ್ನು ಠಾಣೆಯಲ್ಲಿ ದೀರ್ಘಕಾಲ ಕೊಳೆಹಾಕುವುದರಿಂದ ಪ್ರಯೋಜನವಿಲ್ಲ, ಪಟ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಯಜಮಾನನಿಗೆ ಕೊಡಿ, ಯಾರೂ ಬರದಿದ್ದರೆ ಹರಾಜು ಹಾಕಿ ಎಂದಿತ್ತು. ಇಪ್ಪತ್ತು ವರ್ಷ ದಾಟಿತು. ರಸ್ತೆ ಬದಿಯಲ್ಲಿ ಹತ್ತು ಗಂಟೆ ಮೀರಿ ಅನಾಥವಾಗಿ ನಿಂತ ಗಾಡಿಯನ್ನು ಎಳೆಸುವ ಅಧಿಕಾರ ಮೋಟಾರು ಕಾಯಿದೆಯ 127ನೇ ಕಲಮಿನಲ್ಲಿದೆ. ಹತ್ತು ಗಂಟೆ! ಕೆಲವು ಕಾರುಗಳು ಹತ್ತು ಯುಗಾದಿ ಕಂಡಿವೆ.

2025ರ ಏಪ್ರಿಲ್ 1ರಿಂದ ಇನ್ನೊಂದು ನಿಯಮ ಜಾರಿಗೆ ಬಂದಿದೆ. ಆಯುಸ್ಸು ಮುಗಿದ ವಾಹನಗಳ ಹೊಣೆಯನ್ನು ತಯಾರಕರ ತಲೆಗೂ ಕಟ್ಟುವ ನಿಯಮ ಅದು. ಗಾಡಿ ತಯಾರಿಸಿದವನೇ ಇಷ್ಟು ಪ್ರಮಾಣದ ಉಕ್ಕು ಮರಳಿ ಬಂತೆಂದು ಲೆಕ್ಕ ತೋರಿಸಬೇಕು. ಯಜಮಾನನೂ ಅಂಥ ಗಾಡಿಯನ್ನು 180 ದಿನದೊಳಗೆ ಒಪ್ಪಿಸಬೇಕು. ಒಪ್ಪಿಸುವುದು ಎಲ್ಲಿಗೆ? ನೋಂದಾಯಿತ ಕೇಂದ್ರಕ್ಕೆ, ಇಲ್ಲವೇ ಸಂಗ್ರಹ ಕೇಂದ್ರಕ್ಕೆ. ಈ 'ಸಂಗ್ರಹ ಕೇಂದ್ರ' ಎಂಬ ಎರಡು ಪದದಲ್ಲಿ ಶಿವಾಜಿನಗರದವರ ಅನ್ನವೂ ಇದೆ, ಕಗ್ಗದಾಸಪುರದವರ ಬಿಡುಗಡೆಯೂ ಇದೆ. ನೋಡುವ ಕಣ್ಣು ಅಧಿಕಾರಿವರ್ಗಕ್ಕೆ ಇರಬೇಕು ಅಷ್ಟೇ.

ಹತ್ತಿಪ್ಪತ್ತು ಗುಜರಿ ಅಂಗಡಿಯವರು ಸೇರಿ ಒಂದು ಸಹಕಾರ ಸಂಘ ಮಾಡಿಕೊಳ್ಳಲಿ. ಬ್ಯಾಂಕ್ ಗ್ಯಾರಂಟಿಯನ್ನು ಸಂಘ ಕೊಡಲಿ. ನಗರದ ಪೂರ್ವಕ್ಕೆ, ಕೆ.ಆರ್. ಪುರದಾಚೆ, ಸರ್ಕಾರ ಒಂದು ಅಂಗಳ ಬಾಡಿಗೆಗೆ ಕೊಡಲಿ. ಕಾಂಕ್ರೀಟು ನೆಲ, ಆಯಿಲ್ ಹಿಡಿಯುವ ತೊಟ್ಟಿ, ಬ್ಯಾಟರಿ ಇಡುವ ಕೋಣೆ. ಕಳಚುವ ಕೆಲಸ ಅಲ್ಲಿ, ಮಾರುವ ಕೆಲಸ ಶಿವಾಜಿನಗರದಲ್ಲಿ. ಮಾರುವ ಪ್ರತಿ ಇಂಜಿನ್ನಿಗೂ ಯಾವ ಗಾಡಿಯದು ಎಂಬ ಚೀಟಿ ಅಂಟಿರಲಿ. ಆಗ ಪೊಲೀಸಪ್ಪ ಬಂದು 'ಇದೆಲ್ಲಿಂದ ಬಂತಯ್ಯಾ?' ಎಂದು ಗದರಿದರೆ ಅಂಗಡಿಯವನು ಮಾಮೂಲಿಯ ಬದಲು ಚೀಟಿ ತೋರಿಸಬಹುದು. ಕಳವಿನ ಮಾಲು ಇಟ್ಟುಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಹೇಗೂ ಕಾದಿದೆ.

ಆರ್‌ಟಿಓ ಮಹಾಶಯರು ಮಾಡಬೇಕಾದದ್ದು ಇದಕ್ಕಿಂತಲೂ ಕಡಿಮೆ. ರದ್ದತಿಗೆ ಒಂದು ಪ್ರತ್ಯೇಕ ಕಿಟಕಿ. ವಿಮೆ ಕಂಪನಿ 'ಟೋಟಲ್ ಲಾಸ್' ಎಂದು ಬರೆದ ದಿನವೇ ಆ ಸುದ್ದಿ ಆರ್‌ಟಿಓ ಕಂಪ್ಯೂಟರಿಗೆ ತಲುಪಿ, ಆ ನಂಬರು ಮುಂದೆ ಯಾರ ಹೆಸರಿಗೂ ಹೋಗದಂತೆ ಬೀಗ. ವಿಮೆಯವರಿಗೆ ಕಂತು ಕಟ್ಟುವ ದಿನವನ್ನು ನೆನಪಿಸಲು ಹತ್ತು ಸಲ ಫೋನು ಮಾಡಲು ಬರುತ್ತದೆ, ಇದೊಂದು ಸುದ್ದಿ ಮುಟ್ಟಿಸಲು ಬಾರದೇ?

ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾಯಿತು, ಟಾರ್ಪಾಲಿನ ಕೆಳಗಿನ ಕಾರು ಬದಲಾಗಿಲ್ಲ. ಅದು ಅಲ್ಲಾಡುವವರೆಗೆ ಯಜಮಾನರು ಒಂದು ಕೆಲಸವನ್ನಾದರೂ ಮಾಡಬಹುದು. ಬ್ರೋಕರು ಮತ್ತೆ ಬಂದು 'ಆರ್.ಸಿ. ಕೊಡಿ ಸಾರ್' ಎಂದಾಗ, ಇಂಜಿನ್ ಬೇಕಾದರೆ ಬಿಚ್ಚಿಕೊಂಡು ಹೋಗಲಿ, ಡೋರು ಬೇಕಾದರೆ ಹೊತ್ತುಕೊಂಡು ಹೋಗಲಿ, ಆರ್.ಸಿ. ಮತ್ತು ಚಾಸಿ ನಂಬರಿನ ತುಂಡು ಮಾತ್ರ ಬೀರುವಿನಲ್ಲಿರಲಿ, ರದ್ದತಿಯ ಪತ್ರ ಕೈಗೆ ಬರುವ ತನಕ.